ಕೋಸಿನ ಹೇನು, ಸಾಸಿವೆಯ ಘಾಟು

(ಮಂಗಳೂರಿನಲ್ಲಿ ತಾರಸಿ ಮತ್ತು ಹಿತ್ತಿಲ ತೋಟ ಮಾಡುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಕೆಲವರು ಕೆಟ್ಟುಹೋದ ಎಲೆಗಳನ್ನೇ ಚೀಲದಲ್ಲಿ ಹಾಕಿ ತಂದಿದ್ದೀರಿ. ಒಳ್ಳೆಯದಾಯಿತು, ಚಿತ್ರ ತೋರಿಸುವ ಶ್ರಮ ಉಳಿಯಿತು. ಈ ಮೇಜಿನ ಮೇಲಿರುವ ಎಲೆಕೋಸಿನ ಎಲೆಯನ್ನು ಮಗುಚಿ ನೋಡಿ. ಅಡಿಭಾಗದಲ್ಲಿ ಒಲೆಯ ಬೂದಿ ಎರಚಿದ ಹಾಗೆ ಒಂದು ಪಟ್ಟೆ ಇದೆ. "ಬೂಷ್ಟು ಹಿಡಿದಿದೆ, ಔಷಧ ಹೊಡೆದೆ, ಹೋಗಲಿಲ್ಲ" ಎಂದು ಇದನ್ನು ತಂದವರು ಹೇಳಿದರು. ಬೂಷ್ಟಿನ ಔಷಧಕ್ಕೆ ಅದು ಹೋಗುವುದೂ ಇಲ್ಲ. ಬೆರಳಿನಿಂದ ಮೆಲ್ಲಗೆ ಒರೆಸಿ. ಪುಡಿ ಬೆರಳಿಗೆ ಬರುತ್ತದೆ, ಅದರಡಿಯಲ್ಲಿ ಹಸಿರು ಮೈ, ಆರು ಕಾಲು ಕಾಣುತ್ತವೆ. ಆ ಪುಡಿ ಮೇಣ. ಎರಡು, ಎರಡೂವರೆ ಮಿಲಿಮೀಟರ್ ಉದ್ದದ ಒಂದು ಹೇನು ತನ್ನ ಮೈಯಿಂದಲೇ ಒಸರಿಸಿ ಹೊದ್ದುಕೊಂಡ ಮೇಣ. ನೀರು ಚಿಮುಕಿಸಿದರೆ ಜಾರಿಹೋಗುತ್ತದೆ, ಔಷಧವೂ ಹಾಗೆಯೇ ಜಾರಿಹೋಗುತ್ತದೆ.

ಇದರ ಶಾಸ್ತ್ರೀಯ ಹೆಸರು ಬ್ರೆವಿಕೊರಿನೆ ಬ್ರಾಸಿಕೇ. 1758ರಲ್ಲಿ ಲಿನೇಯಸ್ ಇದನ್ನು ಮೊದಲು ವಿವರಿಸಿದ. ಮೂಲ ಯುರೋಪು. ಕೋಸು ಎಲ್ಲೆಲ್ಲಿಗೆ ಹೋಯಿತೋ ಅಲ್ಲಿಗೆಲ್ಲ ಇದೂ ಹೋಯಿತು. ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ, ಈ ಒಂದು ಕುಟುಂಬ ಬಿಟ್ಟರೆ ಬೇರೆ ಯಾವ ಗಿಡದಲ್ಲೂ ಇದು ಸಂಸಾರ ಹೂಡುವುದಿಲ್ಲ. ನಿಮ್ಮ ಬಸಳೆ ಚಪ್ಪರಕ್ಕೆ, ಬದನೆಗೆ, ತೊಂಡೆಗೆ ಇದರಿಂದ ಭಯವಿಲ್ಲ. ಅಲಸಂಡೆಯ ಕುಡಿಗೆ ಮೆತ್ತಿಕೊಳ್ಳುವ ಕಪ್ಪು ಹೇನು ನಿಮಗೆಲ್ಲ ಗೊತ್ತು, ಅದು ಬೇರೆಯೇ ಜಾತಿ. ಅಲಸಂಡೆ ಹೇನಿನ ಸುತ್ತ ಇರುವೆಗಳ ಓಡಾಟ ಇದ್ದೇ ಇರುತ್ತದೆ. ಈ ಮೇಣದ ಹೇನಿನ ಹತ್ತಿರ ಇರುವೆ ಸಾಮಾನ್ಯವಾಗಿ ಸುಳಿಯುವುದಿಲ್ಲ. ಮನೆಗೆ ಹೋಗಿ ಎರಡನ್ನೂ ಪಕ್ಕಪಕ್ಕ ನೋಡಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋಸಿನ ಕುಟುಂಬಕ್ಕೆ ಬರುವ ಹೇನು ಇದೊಂದೇ ಅಲ್ಲ. ಉತ್ತರ ಭಾರತದ ಸಾಸಿವೆ ಹೊಲಗಳಲ್ಲಿ ರೈತರನ್ನು ಗೋಳು ಹೊಯ್ದುಕೊಳ್ಳುವ ಸಾಸಿವೆ ಹೇನು, ಅಂದರೆ ಲಿಪಾಫಿಸ್ ಎರಿಸಿಮಿ, ನಮ್ಮ ಮೂಲಂಗಿಯ ಮೇಲೂ ಬರುತ್ತದೆ. ಅದರ ಮೈಮೇಲೆ ಮೇಣ ಕಡಿಮೆ, ಹಸಿರು ಎದ್ದು ಕಾಣುತ್ತದೆ. ಮೂರನೆಯದು ಮೈಜಸ್ ಪರ್ಸಿಕೇ. ಅದು ಮೆಣಸು, ಬದನೆ, ಕೋಸು ಎಂದು ಭೇದ ಮಾಡದೆ ನೂರಾರು ಬಗೆಯ ಗಿಡಗಳಲ್ಲಿ ಕೂರುತ್ತದೆ. ಇವತ್ತಿನ ಮಾತು ಮುಖ್ಯವಾಗಿ ಮೇಣದ ಹೇನಿನದು.

ಈಗ ಅದರ ಸಂಸಾರ. ನಿನ್ನೆ ಎಲೆಯಲ್ಲಿ ಎರಡು ಇದ್ದವು, ವಾರ ಕಳೆಯುವಾಗ ಎಲೆಯೇ ಕಾಣುವುದಿಲ್ಲ ಎನ್ನುತ್ತೀರಲ್ಲ, ಅದು ಉತ್ಪ್ರೇಕ್ಷೆಯಲ್ಲ. ನಿಮ್ಮ ತಾರಸಿಯಲ್ಲಿರುವ ಹೇನುಗಳೆಲ್ಲ ಹೆಣ್ಣು. ಗಂಡಿನ ಅಗತ್ಯವೇ ಇಲ್ಲ. ಮೊಟ್ಟೆಯನ್ನೂ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತವೆ. ಹುಟ್ಟಿದ ಎಂಟು ಹತ್ತು ದಿನಗಳಲ್ಲಿ ಆ ಮರಿಯೂ ತಾಯಿಯಾಗುತ್ತದೆ. ಅದಕ್ಕಿಂತ ವಿಚಿತ್ರ ಸಂಗತಿ ಇನ್ನೊಂದಿದೆ: ತಾಯಿಯ ಹೊಟ್ಟೆಯಲ್ಲಿರುವ ಮರಿಯ ಹೊಟ್ಟೆಯಲ್ಲಿ ಆಗಲೇ ಮೊಮ್ಮರಿಯ ಭ್ರೂಣ ಬೆಳೆಯಲು ಶುರುವಾಗಿರುತ್ತದೆ. ಅಜ್ಜಿ, ಮಗಳು, ಮೊಮ್ಮಗಳು ಒಂದೇ ಮೈಯಲ್ಲಿ. ಒಂದಕ್ಕೆ ಮೂವತ್ತು ಮರಿ ಎಂದು ಲೆಕ್ಕ ಹಿಡಿಯಿರಿ, ಮೂರನೆಯ ತಲೆಮಾರಿಗೆ 27,000. ಅಷ್ಟೂ ಬದುಕುವುದಿಲ್ಲ ಎಂಬುದು ನಮ್ಮ ಪುಣ್ಯ. ಯಾಕೆ ಬದುಕುವುದಿಲ್ಲ ಎಂಬುದೇ ಇವತ್ತಿನ ವಿಷಯ.

ಗಂಡಿಲ್ಲದೆ ಮರಿಯೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಒಂದು ಕಾಲದಲ್ಲಿ ಯುರೋಪಿನ ಪಂಡಿತರೂ ನಂಬಿರಲಿಲ್ಲ. 1740ರಲ್ಲಿ ಜಿನೀವಾದ ಶಾರ್ಲ್ ಬೊನೆ ಎಂಬ ಇಪ್ಪತ್ತರ ಹುಡುಗ ಆಗತಾನೇ ಹುಟ್ಟಿದ ಒಂದು ಹೇನನ್ನು ರೆಂಬೆಯೊಂದರ ಮೇಲೆ ಒಂಟಿಯಾಗಿ ಮುಚ್ಚಿಟ್ಟು, ದಿನವಿಡೀ ಭೂತಗನ್ನಡಿ ಹಿಡಿದು ಕಾವಲು ಕುಳಿತ. ಅದು ಕೋಸಿನ ಹೇನಲ್ಲ, ಬೇರೆ ಗಿಡದ್ದು. ಗಂಡಿನ ಮುಖ ಕಾಣದ ಆ ಹೇನು 95 ಮರಿಗಳನ್ನು ಹಾಕಿತು. ಒಂದೊಂದನ್ನೂ ಆತ ಬರೆದಿಟ್ಟ. ಮುಂದೆ ಅವನ ಕಣ್ಣು ತೀರ ಮಂಜಾಯಿತು, ಕೀಟ ನೋಡುವುದನ್ನು ಬಿಟ್ಟು ತತ್ತ್ವಶಾಸ್ತ್ರದ ಕಡೆ ಹೊರಳಿದ. ಇದು ಕೋಸಿಗೆ ಸಂಬಂಧಿಸಿದ್ದಲ್ಲ, ಆದರೂ ಆ ಹುಡುಗನ ತಾಳ್ಮೆಯನ್ನು ಎಲ್ಲಾದರೂ ಹೇಳಬೇಕೆಂದು ನನಗೆ ಯಾವಾಗಲೂ ಅನಿಸುತ್ತದೆ.

ಚಳಿ ದೇಶಗಳಲ್ಲಿ ಈ ಹೇನು ಶರತ್ಕಾಲದಲ್ಲಿ ಗಂಡುಗಳನ್ನು ಹುಟ್ಟಿಸಿ, ಕೋಸಿನ ದಂಟಿನ ಮೇಲೆ ಮೊಟ್ಟೆ ಇಟ್ಟು ಹಿಮಕಾಲ ಕಳೆಯುತ್ತದೆ. ನಮ್ಮಂಥ ಬೆಚ್ಚಗಿನ ಊರುಗಳಲ್ಲಿ ಆ ಗೊಡವೆಯಿಲ್ಲ. ಹೆಣ್ಣಿನಿಂದ ಹೆಣ್ಣು ಮಾತ್ರ. ಎಲೆಯಲ್ಲಿ ಜಾಗ ಸಾಲದಾದಾಗ ರೆಕ್ಕೆ ಇರುವ ಮರಿಗಳು ಹುಟ್ಟಿ ಬೇರೆ ಗಿಡ ಹುಡುಕಿಕೊಂಡು ಹಾರುತ್ತವೆ. ಮೊಟ್ಟೆಯಿಲ್ಲ ಎಂಬ ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇನ್ನು ಅಡುಗೆಮನೆಗೆ ಬರೋಣ. ಕಾಟುಮಾವಿನ ಹಣ್ಣಿನ ಸಾಸಿವೆ ಮಾಡದ ಮನೆ ಇಲ್ಲಿ ಕಡಿಮೆ. ಕೆಲವರು ಸಾಸಮೆ ಎನ್ನುತ್ತೀರಿ. ಹಸಿ ಸಾಸಿವೆಯನ್ನು ಕಾಯಿತುರಿಯ ಜೊತೆ ನೀರು ಹಾಕಿ ಅರೆದರೆ ಮೂಗಿಗೆ ಏರುವ ಘಾಟು ಬರುತ್ತದೆ. ಅದೇ ಸಾಸಿವೆಯನ್ನು ಒಗ್ಗರಣೆಗೆ ಸಿಡಿಸಿದರೆ ಆ ಘಾಟು ಇಲ್ಲ. ಇಡೀ ಕಾಳನ್ನು ಬಾಯಿಗೆ ಹಾಕಿದರೂ ಕಚ್ಚುವವರೆಗೆ ಏನೂ ಇಲ್ಲ. ಕಾರಣ ಏನೆಂದರೆ, ಕಾಳಿನಲ್ಲಿ ಘಾಟು ಸಿದ್ಧವಾಗಿ ಇರುವುದೇ ಇಲ್ಲ. ಸಿನಿಗ್ರಿನ್ ಎಂಬ ಗ್ಲುಕೋಸಿನೋಲೇಟ್ ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ, ಬೇರೆ ಬೇರೆಯಾಗಿ ಇರುತ್ತವೆ. ಅರೆದಾಗ ಎರಡೂ ನೀರಿನಲ್ಲಿ ಸೇರಿ ಸಾಸಿವೆ ಎಣ್ಣೆಯ ಘಾಟು ಹುಟ್ಟುತ್ತದೆ. ಒಗ್ಗರಣೆಯ ಬಿಸಿಗೆ ಕಿಣ್ವ ಸತ್ತುಹೋಗುತ್ತದೆ, ಹಾಗಾಗಿ ಘಾಟು ಹುಟ್ಟುವುದಿಲ್ಲ. ಮುಂದಿನ ಸಾಲಿನ ಅಮ್ಮ ತಲೆಯಾಡಿಸುತ್ತಿದ್ದಾರೆ. ಅವರಿಗೆ ನನ್ನ ರಸಾಯನಶಾಸ್ತ್ರ ಬೇಕಾಗಿಲ್ಲ, ಅರೆಯುವ ಕಲ್ಲಿನಲ್ಲಿ ಅವರು ಅದನ್ನು ಎಷ್ಟೋ ಸಲ ಮಾಡಿದ್ದಾರೆ.

ಎಲೆಕೋಸಿನ ಎಲೆಯಲ್ಲೂ ಇದೇ ಏರ್ಪಾಡು. ಹಸು ಮೇಯಲಿ, ಹುಳ ಕಡಿಯಲಿ, ಜೀವಕೋಶ ಒಡೆದ ಕೂಡಲೇ ಘಾಟು. ಹೆಚ್ಚಿನ ಹುಳಗಳಿಗೆ ಅದು ವಿಷ. ಆದರೆ ನಮ್ಮ ಹೇನು ಎಲೆಯನ್ನು ಕಡಿಯುವುದಿಲ್ಲ. ಕೂದಲಿಗಿಂತ ತೆಳುವಾದ ಸೂಜಿಮೂತಿಯನ್ನು ಜೀವಕೋಶಗಳ ನಡುವಿನ ಸಂದಿಯಲ್ಲೇ ತೂರಿಸಿ, ಗಿಡದ ಸಿಹಿರಸ ಹರಿಯುವ ನಾಳಕ್ಕೆ ಮುಟ್ಟಿಸಿ ಹೀರುತ್ತದೆ. ಕೋಶ ಒಡೆಯದ ಕಾರಣ ಘಾಟು ಹುಟ್ಟುವುದಿಲ್ಲ. ನಾಳದ ರಸದಲ್ಲಿ ಗ್ಲುಕೋಸಿನೋಲೇಟ್ ಇರುತ್ತದೆ, ಕಿಣ್ವ ಜೊತೆಗೆ ಬರುವುದಿಲ್ಲ. ಇಷ್ಟೇ ಆಗಿದ್ದರೆ ಜಾಣ ಕಳ್ಳ ಎನ್ನಬಹುದಿತ್ತು. ಅದು ಇನ್ನೂ ಮುಂದೆ ಹೋಗಿದೆ. ಈ ಗ್ಲುಕೋಸಿನೋಲೇಟಿನ ರುಚಿಯಿಂದಲೇ ಅದು ತನ್ನ ಗಿಡವನ್ನು ಗುರುತಿಸುತ್ತದೆ. ಆ ರುಚಿ ಇಲ್ಲದ ಗಿಡದಲ್ಲಿ ಕೂತು ಉಣ್ಣುವುದಿಲ್ಲ. ಶತ್ರುವನ್ನು ಓಡಿಸಲು ಗಿಡ ಮಾಡಿಟ್ಟ ವಸ್ತುವೇ ಇದಕ್ಕೆ ಊಟದ ಕರೆ.

ಮೈಜಸ್ ಹೇನು ಈ ವಸ್ತುವನ್ನು ಹೀರಿದರೂ ಬಹುಪಾಲನ್ನು ಹಿಂದಿನಿಂದ ಸಿಹಿಯಂಟಿನ ಜೊತೆ ಹೊರಗೆ ಹಾಕಿಬಿಡುತ್ತದೆ. ಮೇಣದ ಹೇನು ಹಾಗಲ್ಲ. ತನ್ನ ರಕ್ತದಲ್ಲಿ ಕೂಡಿಡುತ್ತದೆ. ಅದಕ್ಕೆ ಜೋಡಿಯಾಗಿ ಮೈರೋಸಿನೇಸ್ ಕಿಣ್ವವನ್ನು ತಲೆ ಮತ್ತು ಎದೆಯ ಸ್ನಾಯುಗಳಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ. ಗಿಡದಿಂದ ಕದ್ದ ಕಿಣ್ವ ಅಲ್ಲ, ಸ್ವಂತದ್ದು. ಸಾಸಿವೆಕಾಳಿನ ಏರ್ಪಾಡನ್ನು ಒಂದು ಕೀಟ ತನ್ನ ಮೈಯೊಳಗೆ ಮರಳಿ ಕಟ್ಟಿಕೊಂಡಿದೆ. ಗುಲಗಂಜಿ ಹುಳ ಬಂದು ಇದನ್ನು ಜಗಿದರೆ ರಕ್ತವೂ ಸ್ನಾಯುವೂ ಬೆರೆತು ಬಾಯಲ್ಲೇ ಘಾಟು ಸಿಡಿಯುತ್ತದೆ. ಸಂಶೋಧಕರು ಇದನ್ನು "ನಡೆದಾಡುವ ಸಾಸಿವೆ ಎಣ್ಣೆಯ ಬಾಂಬ್" ಎಂದು ಕರೆದರು. ಎರಡು ಚುಕ್ಕೆಯ ಯುರೋಪಿನ ಗುಲಗಂಜಿ ಹುಳದ ಮರಿಗಳಿಗೆ ಸಿನಿಗ್ರಿನ್ ತುಂಬಿದ ಇಂಥ ಹೇನುಗಳನ್ನೇ ತಿನ್ನಿಸಿದಾಗ ಅವು ಬದುಕಲಿಲ್ಲ. ನಮ್ಮಲ್ಲೂ ಸಿಗುವ ಏಳು ಚುಕ್ಕೆಯದರ ಮರಿಗಳು ಅದೇ ಊಟದಲ್ಲಿ ಬದುಕಿಕೊಂಡವು. ರೆಕ್ಕೆ ಬಂದ ಹೇನುಗಳಲ್ಲಿ ಈ ದಾಸ್ತಾನು ಬಹಳ ಕಡಿಮೆ. ಗುಂಪಿನಲ್ಲಿ ಕೂತಿರುವವಕ್ಕೆ ಬಾಂಬ್ ಬೇಕು, ಹಾರುವುದಕ್ಕೆ ಭಾರ ಬೇಡ ಎಂದು ನಾನು ಊಹಿಸುತ್ತೇನೆ. ಕೀಟಶಾಸ್ತ್ರದವರು ಇದನ್ನು ಇಷ್ಟು ಸಲೀಸಾಗಿ ಒಪ್ಪಲಾರರು.

ಹಾಗಾದರೆ ಇದನ್ನು ಹಿಡಿಯುವವರು ಯಾರೂ ಇಲ್ಲವೇ? ಇದ್ದಾರೆ. ಈ ಎಲೆಯನ್ನು ಒಬ್ಬೊಬ್ಬರಾಗಿ ಬಂದು ನೋಡಿ, ಭೂತಗನ್ನಡಿ ಇಲ್ಲಿಟ್ಟಿದ್ದೇನೆ. ಬೂದುಬಣ್ಣದ ಗುಂಪಿನ ನಡುವೆ ಅಲ್ಲಲ್ಲಿ ಗೋಧಿಬಣ್ಣದ, ಉಬ್ಬಿದ, ಅಲುಗಾಡದ ಹೇನುಗಳಿವೆ. ಮುಟ್ಟಿದರೆ ಕಾಗದದ ಹಾಗೆ ಗರಿಗರಿ. ಕೀಟಶಾಸ್ತ್ರದಲ್ಲಿ ಇವನ್ನು ಮಮ್ಮಿ ಎನ್ನುತ್ತಾರೆ. ಇವು ಸತ್ತ ಹೇನುಗಳು, ಒಳಗೆ ಬೇರೆಯವರ ಬಾಣಂತನ ನಡೆದಿದೆ. ಡಯೆರೆಟಿಯೆಲ್ಲಾ ರಾಪೇ ಎಂಬ, ಎರಡು ಮಿಲಿಮೀಟರಿನಷ್ಟೇ ಇರುವ ಕಪ್ಪು ಕಣಜ ತನ್ನ ಹೊಟ್ಟೆಯನ್ನು ಕಾಲುಗಳ ನಡುವಿನಿಂದ ಮುಂದಕ್ಕೆ ಬಾಗಿಸಿ ಹೇನಿನೊಳಗೆ ಒಂದು ಮೊಟ್ಟೆ ಚುಚ್ಚಿಡುತ್ತದೆ. ಕ್ಷಣಮಾತ್ರದ ಕೆಲಸ. ಹುಟ್ಟಿದ ಮರಿ ಹೇನನ್ನು ಒಳಗಿನಿಂದ ತಿಂದು, ಸಿಪ್ಪೆಯನ್ನು ಎಲೆಗೆ ಅಂಟಿಸಿ, ಅದರೊಳಗೇ ಗೂಡು ನೇಯುತ್ತದೆ. ನಮ್ಮ ಹವೆಯಲ್ಲಿ ಹತ್ತರಿಂದ ಹದಿನೈದು ದಿನಗಳಲ್ಲಿ ಬೆನ್ನಿಗೆ ದುಂಡನೆಯ ತೂತು ಕೊರೆದು ಹೊಸ ಕಣಜ ಹೊರಬೀಳುತ್ತದೆ. ಜಗಿಯುವ ಪ್ರಶ್ನೆಯೇ ಇಲ್ಲ.

ಈ ಕಣಜ ಇಷ್ಟು ಸಣ್ಣ ಹೇನನ್ನು ಹುಡುಕುವುದು ಹೇಗೆ? ಅದೇ ಸಾಸಿವೆ ಘಾಟಿನ ಜಾಡು ಹಿಡಿದು. 1970ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಚೆನ್ನಾಗಿ ತೋರಿಸಿದರು. ಬೀಟ್‌ರೂಟ್ ಜಾತಿಯ ಗಿಡದ ಮೇಲಿದ್ದ ಮೈಜಸ್ ಹೇನನ್ನು, ಆ ಗಿಡ ಕೋಸಿನ ಬಂಧುವೊಂದರ ಪಕ್ಕದಲ್ಲಿದ್ದರೆ ಈ ಕಣಜ ಹೆಚ್ಚು ಹಿಡಿಯಿತು. ದೂರದಲ್ಲಿದ್ದರೆ ಕಡಿಮೆ. ಹೇನು ಅದೇ, ಗಿಡವೂ ಅದೇ. ವ್ಯತ್ಯಾಸ ಮಾಡಿದ್ದು ನೆರೆಯ ವಾಸನೆ. ಹೇನಿಗೆ ಊಟ ತೋರಿಸುವ, ಗುಲಗಂಜಿ ಹುಳವನ್ನು ದೂರವಿಡುವ ವಸ್ತುವೇ ಕಣಜಕ್ಕೆ ದಾರಿ ಹೇಳುತ್ತದೆ.

ಈಗ ನೀವು ಮಾಡುವುದೇನು? ಬೂದು ಪಟ್ಟೆ ಕಂಡ ದಿನವೇ ಬಾಟಲಿ ಹಿಡಿದು ಹೋಗುತ್ತೀರಿ. ಮಮ್ಮಿಗಳನ್ನು "ಇವು ಇನ್ನೊಂದು ಜಾತಿಯ ಹೇನು" ಎಂದು ಮೊದಲು ಒರೆಸಿ ತೆಗೆಯುತ್ತೀರಿ. ಹೇನಿನ ನಡುವೆ ಕಾಲಿಲ್ಲದ, ಜಿಗಣೆಯಂತೆ ಚಾಚಿ ತೆವಳುವ ಹಸಿರು ಹುಳ ಕಂಡರೆ ಅದನ್ನೂ ಹೊಸಕುತ್ತೀರಿ. ಅದು ಹೂನೊಣದ ಮರಿ, ಹೇನು ತಿನ್ನುವುದೇ ಅದರ ಕಸುಬು. ವಿಷ ಬಿದ್ದ ಮೇಲೆ ಹೇನು ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ, ಕಣಜಕ್ಕೆ ಎರಡು ವಾರ ಬೇಕು. ಹೀಗಾಗಿ ಎರಡನೆಯ ಸಲ ಹೇನು ಬಂದಾಗ ಗದ್ದೆ ಕಾಯುವವರು ಯಾರೂ ಇರುವುದಿಲ್ಲ. ಹೊಗೆಸೊಪ್ಪಿನ ಕಷಾಯ ನಾಟಿ ಔಷಧ, ಏನೂ ಆಗುವುದಿಲ್ಲ ಎಂದು ನಂಬಿದವರಿಗೂ ಒಂದು ಮಾತು. ಅದರಲ್ಲಿರುವುದು ನಿಕೋಟಿನ್. ಕಣಜಕ್ಕೂ ವಿಷ, ಹೊಡೆಯುವವರ ಚರ್ಮಕ್ಕೂ ಒಳ್ಳೆಯದಲ್ಲ. ನಾಟಿ ಎಂದ ಮಾತ್ರಕ್ಕೆ ಸಾಧು ಆಗುವುದಿಲ್ಲ.

ನನ್ನ ಕ್ರಮ ಹೀಗೆ. ಮೊದಲು ಎಲೆ ಮಗುಚಿ ಮಮ್ಮಿ ಹುಡುಕುತ್ತೇನೆ. ಹತ್ತು ಹೇನಿನ ನಡುವೆ ಒಂದೆರಡು ಸಿಕ್ಕಿದರೂ ಸಾಕು, ಕೈಕಟ್ಟಿ ಕೂರುತ್ತೇನೆ, ದಿನ ಬಿಟ್ಟು ದಿನ ನೋಡುತ್ತೇನೆ. ಒಂದೂ ಇಲ್ಲ, ಗಿಡ ಇನ್ನೂ ಎಳೆಯದು, ನಡುಗುಡಿಯೇ ಮುದುಡುತ್ತಿದೆ ಎಂದಾದರೆ ಕಾಯಬಾರದು. ಗೆಡ್ಡೆ ಕಟ್ಟುವ ಮೊದಲೇ ಕುಡಿಗೆ ಹೇನು ಇಳಿದರೆ ಆಮೇಲೆ ಎಲೆಗಳ ಒಳಪದರಕ್ಕೆ ಯಾವ ಔಷಧವೂ ಮುಟ್ಟುವುದಿಲ್ಲ. ಅಲ್ಲದೆ ಮೊಸಾಯಿಕ್ ರೋಗದ ವೈರಸ್‌ಗಳನ್ನೂ ಇದು ಗಿಡದಿಂದ ಗಿಡಕ್ಕೆ ಸಾಗಿಸುತ್ತದೆ. ಹತ್ತಿಪ್ಪತ್ತು ಗಿಡದ ತಾರಸಿ ತೋಟಕ್ಕೆ ಬೆರಳೇ ಸಾಕು. ಪೈಪಿನ ನೀರನ್ನು ಎಲೆಯ ಅಡಿಗೆ ಬಿರುಸಾಗಿ ಬಿಟ್ಟರೆ ಉದುರಿದ ಹೆಚ್ಚಿನವು ಮರಳಿ ಹತ್ತುವುದಿಲ್ಲ. ಮೂತಿ ಮುರಿದುಕೊಂಡ ಹೇನು ಉಪವಾಸ ಸಾಯುತ್ತದೆ.

ಸಿಂಪಡಿಸಲೇಬೇಕೆಂದರೆ ಸಾಬೂನು. ಮೇಣವನ್ನು ಒದ್ದೆ ಮಾಡುವ ಶಕ್ತಿ ಇರುವುದು ಅದಕ್ಕೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇವಿನ ಸೋಪು ಮತ್ತು ಹೊಂಗೆ ಸೋಪನ್ನು ತರಕಾರಿಗಾಗಿಯೇ ರೂಪಿಸಿದೆ. ಲೀಟರ್ ನೀರಿಗೆ 5ರಿಂದ 10 ಗ್ರಾಂ ಕರಗಿಸಿ, ಸಂಜೆ, ಎಲೆಯ ಅಡಿಗೆ ಹೊಡೆಯಿರಿ. ಮೇಲುಗಡೆ ಹೊಡೆದು ತೃಪ್ತಿಪಡುವವರೇ ಹೆಚ್ಚು. ಹೇನಿಗೆ ರೋಗ ತರುವ ಲೆಕಾನಿಸಿಲಿಯಂ ಎಂಬ ಶಿಲೀಂಧ್ರದ ಪುಡಿಯೂ ಸಿಗುತ್ತದೆ. ಘಟ್ಟದ ಮೇಲಿನ ಒಣಹವೆಯಲ್ಲಿ ಅದು ಪರದಾಡುತ್ತದೆ, ನಮ್ಮ ಕರಾವಳಿಯ ತೇವ ಅದಕ್ಕೆ ಹಿತ. ಹೆಚ್ಚಿನ ವಿವರಕ್ಕೆ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರವಿದೆ, ಉಡುಪಿ ಕಡೆಯವರಿಗೆ ಬ್ರಹ್ಮಾವರದ್ದು ಹತ್ತಿರ.

ಗೊಬ್ಬರದ ಬಗ್ಗೆ ಎರಡು ಮಾತು. ನೆಲಗಡಲೆ ಹಿಂಡಿ ನೆನೆಸಿದ ನೀರನ್ನು ವಾರಕ್ಕೆ ಎರಡು ಸಲ ಹಾಕುತ್ತೀರಿ, ಗಿಡ ಕಡುಹಸಿರಾಗಿ ಮೆದುವಾಗಿ ಉಬ್ಬುತ್ತದೆ, ನೋಡಲು ಚೆಂದ. ಸಾರಜನಕ ಹೆಚ್ಚಾದ ಗಿಡದ ರಸ ಹೇನಿಗೆ ಹಬ್ಬ. ನಾಳದ ರಸದಲ್ಲಿ ಸಕ್ಕರೆ ಧಾರಾಳ, ಅಮೈನೋ ಆಮ್ಲ ಕೊರತೆ. ಆ ಕೊರತೆಯನ್ನು ತುಂಬಿಕೊಡಲು ಹೇನು ತನ್ನ ಮೈಯಲ್ಲಿ ಬುಕ್ನೆರಾ ಎಂಬ ಬ್ಯಾಕ್ಟೀರಿಯಾವನ್ನೇ ಸಾಕಿಕೊಂಡಿದೆ. ನಾವು ಹಿಂಡಿ ಸುರಿದು ಆ ಬ್ಯಾಕ್ಟೀರಿಯಾದ ಕೆಲಸ ಹಗುರ ಮಾಡುತ್ತಿದ್ದೇವೆ. ಸುಡುಮಣ್ಣು, ಹಟ್ಟಿಗೊಬ್ಬರ ಸಾಕು, ಹಿಂಡಿಯ ನೀರನ್ನು ತೆಳುವಾಗಿಸಿ.

ಸಾಸಿವೆಯನ್ನು ಇನ್ನೊಂದು ರೀತಿಯಲ್ಲೂ ಬಳಸಬಹುದು. ಹೆಸರಘಟ್ಟದವರು ದಶಕಗಳ ಹಿಂದೆಯೇ ತೋರಿಸಿದ ವಿಧಾನ: 25 ಸಾಲು ಎಲೆಕೋಸಿಗೆ ಎರಡು ಸಾಲು ಸಾಸಿವೆ. ಒಂದನ್ನು ಕೋಸಿನ ಸಸಿ ನೆಡುವ 15 ದಿನ ಮೊದಲು ಬಿತ್ತಬೇಕು, ಇನ್ನೊಂದನ್ನು ನೆಟ್ಟ 25 ದಿನಗಳ ಬಳಿಕ. ಅದು ಮುಖ್ಯವಾಗಿ ವಜ್ರಬೆನ್ನಿನ ಪತಂಗಕ್ಕೆ ಒಡ್ಡಿದ ಬಲೆ, ಹೇನೂ ಅದಕ್ಕೆ ಬೀಳುತ್ತದೆ. ತಾರಸಿಯಲ್ಲಿ ಸಾಲು ಎಲ್ಲಿಂದ ತರುವುದು? ಎರಡು ಚಟ್ಟಿಯಲ್ಲಿ ಒಗ್ಗರಣೆ ಡಬ್ಬದ ಸಾಸಿವೆಯನ್ನೇ ಬಿತ್ತಿ, ಮೊಳೆಯುತ್ತದೆ. ಅದರ ಹಳದಿ ಹೂವಿನ ಮಕರಂದಕ್ಕೆ ಹೂನೊಣವೂ ಕಣಜವೂ ಬರುತ್ತವೆ. ಕುಡಿಗೆ ಹೇನು ಕಿಕ್ಕಿರಿದಾಗ ಮಾತ್ರ ಆ ಕುಡಿಯನ್ನು ಚಿವುಟಿ ಸಾಬೂನು ನೀರಿಗೆ ಹಾಕಬೇಕು. ಹಾಗೆ ಬಿಟ್ಟರೆ ನೀವೇ ಹೇನಿನ ನರ್ಸರಿ ಇಟ್ಟ ಹಾಗೆ.

ಮಾರುಕಟ್ಟೆಯ ಕೋಸಿನ ಬಗ್ಗೆ ಒಬ್ಬರು ಚೀಟಿ ಕಳುಹಿಸಿದ್ದಾರೆ: ಒಳಗೆ ಹೇನು ಸಿಕ್ಕಿದರೆ ಎಸೆಯಬೇಕೇ? ಬೇಡ. ಹೊರಗಿನ ಎಲೆ ತೆಗೆದು, ಬಿಡಿಸಿ, ಉಪ್ಪುನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ತೊಳೆಯಿರಿ. ಒಂದೆರಡು ಹೊಟ್ಟೆಗೆ ಹೋದರೂ ಅಪಾಯವಿಲ್ಲ, ಸಸ್ಯಾಹಾರಿಗಳ ಮನಸ್ಸಿಗೆ ಆಗುವ ಕಸಿವಿಸಿ ಬೇರೆ ಮಾತು. ಮಡಿಯ ಅಡುಗೆಗೆ ಎಲೆಕೋಸನ್ನೇ ಸೇರಿಸದ ಮನೆಗಳು ನಮ್ಮಲ್ಲಿ ಇನ್ನೂ ಇವೆ, ಅವರಿಗೆ ಈ ಚಿಂತೆಯೂ ಇಲ್ಲ.

ಕೊನೆಯದಾಗಿ ಕಾಲದ ಲೆಕ್ಕ. ಈ ಹೇನಿಗೆ ಹಿತವಾದದ್ದು 20ರಿಂದ 25 ಡಿಗ್ರಿಯ ತಂಪು. ಸುಗ್ಗಿಯ ಹೊತ್ತಿನ ಇಬ್ಬನಿಯ ಬೆಳಗುಗಳಲ್ಲಿ ಏರುತ್ತದೆ, ಮಾರ್ಚಿನ ಸೆಕೆಗೆ ಸೊರಗುತ್ತದೆ, ಮಳೆಗಾಲದ ಹೊಡೆತಕ್ಕೆ ನಿಲ್ಲುವುದಿಲ್ಲ. ಹಾಗಾಗಿ ಸಸಿಯನ್ನು ಅಕ್ಟೋಬರ್ ಕೊನೆಗೇ ನೆಟ್ಟು, ಗಿಡ ಬಲಿತ ಮೇಲೆ ಹೇನನ್ನು ಎದುರಿಸುವುದು ಒಳ್ಳೆಯದು. ಕೋಸು ಕೊಯ್ದ ಮೇಲೆ ಬುಡದ ದಂಟನ್ನು ಹಾಗೇ ಬಿಡುವ ಅಭ್ಯಾಸ ಹಲವರಿಗಿದೆ. ಅದು ಚಿಗುರುತ್ತದೆ, ಚಿಗುರಿನಲ್ಲಿ ಹೇನು ಉಳಿಯುತ್ತದೆ. ನಮ್ಮಲ್ಲಿ ಇದು ಮೊಟ್ಟೆ ಇಡುವುದಿಲ್ಲ ಎಂದು ಆಗ ಹೇಳಿದೆನಲ್ಲ, ಅದರ ಪ್ರಯೋಜನ ಇಲ್ಲಿದೆ. ಮಣ್ಣಿನಲ್ಲಾಗಲಿ ಚಟ್ಟಿಯಲ್ಲಾಗಲಿ ಅಡಗಿ ಕಾಯುವ ಮೊಟ್ಟೆ ಇಲ್ಲ. ಉಣ್ಣಲು ಹಸಿರು ಗಿಡ ಇಲ್ಲದಿದ್ದರೆ ಹೇನು ಕೆಲವೇ ದಿನಗಳಲ್ಲಿ ಸಾಯುತ್ತದೆ. ದಂಟುಗಳನ್ನೆಲ್ಲ ಕಿತ್ತು, ಎರಡು ಮೂರು ವಾರ ಆ ಕುಟುಂಬದ ಒಂದು ಗಿಡವೂ ತಾರಸಿಯಲ್ಲಿ ಇಲ್ಲದ ಹಾಗೆ ನೋಡಿಕೊಳ್ಳಿ. ಸಾಸಿವೆ ಚಟ್ಟಿಯನ್ನೂ ಖಾಲಿ ಮಾಡಿ. ಪಕ್ಕದ ಮನೆಯವರು ಮೂಲಂಗಿ ಹಾಕಿದ್ದಾರೆಯೇ ಎಂದು ಕೇಳಿ. ಹಾಕಿದ್ದರೆ ಅವರೂ ಅದೇ ವಾರ ಕೀಳಲು ಒಪ್ಪುತ್ತಾರೆಯೇ ಎಂದೂ ಕೇಳಿ ನೋಡಿ.